ಗಲ್ಲಾಪೆಟ್ಟಿಗೆಯ ಲೆಕ್ಕ

ಸರಕಾರಿ ಗುಮಾಸ್ತನಿಗೆ ಭಾನುವಾರವೆಂದರೆ ಮಧ್ಯಾಹ್ನದ ನಿದ್ದೆ. ವಾರದ ಐದು ದಿನ ಡೊಂಬಿವಲಿಯಿಂದ ಬೋರಿಬಂದರದ ತನಕ (ಅದಕ್ಕೀಗ ಬೇರೆ ಹೆಸರುಂಟು, ನಮ್ಮ ನಾಲಿಗೆಗೆ ಹಳೆಯದೇ ರೂಢಿ) ಒಂಟಿ ಕಾಲಿನಲ್ಲಿ ನಿಂತು ತಪಸ್ಸು ಮಾಡುವವರಿಗೆ ದೇವರು ಅಷ್ಟು ವರವನ್ನಾದರೂ ಕೊಡಬೇಡವೆ? 2025ರ ಆಗಸ್ಟ್ ತಿಂಗಳ ಅಂಥದೊಂದು ಭಾನುವಾರ, ಹೊರಗೆ ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದ್ದಾಗ, ನಮ್ಮ ಮಗಳು ಬಂದು ಹೊದಿಕೆ ಎಳೆದಳು.

“ಪಪ್ಪಾ, ಮುಂಬಯಿಯ ಉಡುಪಿ ಹೋಟೆಲುಗಳೆಲ್ಲ ಸೇರಿ ವರ್ಷಕ್ಕೆ ಎಷ್ಟು ವ್ಯಾಪಾರ ಮಾಡ್ತವೆ?”

ಎಷ್ಟು ಇಡ್ಲಿ ತಿನ್ನಬಲ್ಲಿರಿ ಎಂದು ಕೇಳಿದ್ದರೆ ನಿದ್ದೆಗಣ್ಣಲ್ಲೇ ಉತ್ತರ ಕೊಡುತ್ತಿದ್ದೆವು. ಇದಕ್ಕೆ ಎದ್ದು ಕೂರಬೇಕಾಯಿತು.

ವಿಷಯ ಇಷ್ಟು. ಅವಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಅವರಿಗೊಂದು ಪ್ರಬಂಧ ಬರೆಯಲಿಕ್ಕುಂಟು. ಯಾವುದಾದರೊಂದು ಉದ್ಯಮ ಆರಿಸಿಕೊಳ್ಳಬೇಕು. ಆ ಇಡೀ ಉದ್ಯಮದ ಐದು ವರ್ಷದ ಮಾರಾಟ ಎಷ್ಟು, ಅದರಲ್ಲಿ ಒಂದು ಸಂಸ್ಥೆಯ ಪಾಲೆಷ್ಟು, ಬೆಳವಣಿಗೆ ನೂರಕ್ಕೆ ಎಷ್ಟು ಎಂದು ಲೆಕ್ಕ ಹಾಕಿ ತೋರಿಸಬೇಕು. ಪ್ರತಿಯೊಂದು ಅಂಕಿಗೂ ಆಧಾರ ಬರೆಯಬೇಕು. ಆಧಾರವಿಲ್ಲದ ಅಂಕಿಗೆ ಅಂಕವಿಲ್ಲ ಎಂದು ಅಧ್ಯಾಪಕರು ಮೊದಲೇ ಹೇಳಿಬಿಟ್ಟಿದ್ದಾರೆ. ಜೊತೆಯ ಹುಡುಗಿಯರು ಬುದ್ಧಿವಂತರು. ಒಬ್ಬಳು ಬಣ್ಣದ ಉದ್ಯಮ ಹಿಡಿದಳು, ಅಲ್ಲಿನ ದೊಡ್ಡ ಕಂಪೆನಿಗಳೆಲ್ಲ ಶೇರು ಪೇಟೆಯಲ್ಲಿವೆ. ಇನ್ನೊಬ್ಬಳು ಮೋಟಾರು ಸೈಕಲ್ಲು ಹಿಡಿದಳು, ವಾಹನ ತಯಾರಕರ ಸಂಘ ತಿಂಗಳು ತಿಂಗಳೂ ಮಾರಾಟದ ಸಂಖ್ಯೆ ಕೊಡುತ್ತದೆ. ನಮ್ಮವಳು ಮಾತ್ರ ಉಡುಪಿ ಹೋಟೆಲ್ ಎಂದು ಹೆಸರು ಕೊಟ್ಟು ಬಂದಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ ಬಾಲ್ಕನಿಯ ಕಡೆ ಕೈ ತೋರಿಸಿದಳು.

ಬಾಲ್ಕನಿಯಲ್ಲಿ ನಮ್ಮ ಅಪ್ಪಯ್ಯ ಕೂತಿದ್ದರು. 1958ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ, ಕುಂದಾಪುರದ ಕಡೆಯಿಂದ ಈ ಊರಿಗೆ ಬಂದವರು. ಕೋಟೆಯ ಒಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿಶಾಲೆಯಲ್ಲಿ ಕನ್ನಡ, ಇಂಗ್ಲಿಷು ಕಲಿತು, ಮಾಣಿಯಾಗಿ, ಆಮೇಲೆ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವವರಾಗಿ ನಮ್ಮನ್ನು ಬಿ.ಎಸ್ಸಿ. ಓದಿಸಿದವರು. ಆ ಹೋಟೆಲು ಈಗ ಇಲ್ಲ. ಮೊಮ್ಮಗಳು ಮೊದಲು ಅವರನ್ನೇ ಕೇಳಿದ್ದಳಂತೆ, ಆಗ ದಿನದ ವ್ಯಾಪಾರ ಎಷ್ಟಿತ್ತು ಅಜ್ಜ ಎಂದು.

“ಗಲ್ಲಾದ ಹತ್ರ ನಮ್ಮನ್ನು ಯಾರು ಬಿಡ್ತಿದ್ರು ಮಗಾ? ಕಪ್ಪಿನ ಲೆಕ್ಕ ಕೇಳು, ಹೇಳ್ತೆ. ಎಷ್ಟು ಒಡೀತೋ ಅಷ್ಟು ಸಂಬಳದಲ್ಲಿ ಹಿಡೀತಿದ್ರು” ಎಂದಿದ್ದರು ಅಪ್ಪಯ್ಯ.

ಇಂಥ ಕಾರಣಕ್ಕೆ ಆರಿಸಿಕೊಂಡ ವಿಷಯವನ್ನು ಬದಲಿಸು ಎನ್ನಲು ನಮಗೆ ಬಾಯಿ ಬರಲಿಲ್ಲ. ಹುಡುಕೋಣ ಎಂದೆವು. ಅಂಕಿಸಂಖ್ಯೆ ಹುಡುಕುವುದು ಗುಮಾಸ್ತನಿಗೆ ಎಷ್ಟರ ಕೆಲಸ ಎಂಬ ಜಂಬವೂ ಸ್ವಲ್ಪ ಇತ್ತೆನ್ನಿ.

ಮೊದಲು ದಲಾಲ್ ಸ್ಟ್ರೀಟಿನ ದಾರಿ. ಶೇರು ಪೇಟೆಯಲ್ಲಿ ಹೆಸರಿರುವ ಕಂಪೆನಿಗಳ ವಾರ್ಷಿಕ ವರದಿಗಳನ್ನು ಇಂದು ಯಾರು ಬೇಕಾದರೂ ಮನೆಯಲ್ಲಿ ಕೂತು ಕಾಸು ಕೊಡದೆ ಓದಬಹುದು. ಓದಿದೆವು. ಊಟ-ತಿಂಡಿಯ ಕಂಪೆನಿಗಳು ಬೇಕಾದಷ್ಟಿವೆ: ಡಾಮಿನೋಸ್ ಪಿಜ್ಜಾ ನಡೆಸುವ ಜುಬಿಲೆಂಟ್, ನಮ್ಮ ಕಡೆ ಮೆಕ್‌ಡೊನಾಲ್ಡ್ಸ್ ನಡೆಸುವ ವೆಸ್ಟ್‌ಲೈಫ್, ಕೋಳಿ ಕರಿದು ಮಾರುವ ದೇವಯಾನಿ ಮತ್ತು ಸಫೈರ್. ಹೆಚ್ಚಿನವು ಪಿಜ್ಜಾ, ಬರ್ಗರು, ಕೋಳಿ. ಈ ವರದಿಗಳನ್ನಷ್ಟೇ ನಂಬಿದರೆ ಭರತಖಂಡದಲ್ಲಿ ಇಡ್ಲಿ ತಿನ್ನುವವರೇ ಇಲ್ಲವೆಂದು ತೀರ್ಮಾನಿಸಬೇಕು! ನಮ್ಮವರ ಪೈಕಿ ವಿಠಲ ಕಾಮತರ ಕಂಪೆನಿಯೊಂದು ಶೇರು ಪೇಟೆಯ ಪಟ್ಟಿಯಲ್ಲಿ ಸಿಕ್ಕಿತು. ಸಂತೋಷವಾಯಿತು. ಆದರೆ ಅದು ವಿಲೇಪಾರ್ಲೆಯ ಆರ್ಕಿಡ್‌ನಂಥ ದೊಡ್ಡ ವಸತಿ ಹೋಟೆಲುಗಳ ಕಂಪೆನಿ. ಅದರ ಆದಾಯದಲ್ಲಿ ಕೋಣೆಯ ಬಾಡಿಗೆಯೂ ಬೆರೆತಿದೆ. ಮಂಚದ ಬಾಡಿಗೆಯನ್ನು ದೋಸೆಯ ಲೆಕ್ಕಕ್ಕೆ ಸೇರಿಸುವುದು ಹೇಗೆ?

ಉಡುಪಿ ಹೋಟೆಲು ಕಂಪೆನಿಯಲ್ಲ, ಅದೇ ತೊಡಕು. ಮಾಟುಂಗಾ ಸ್ಟೇಷನ್ನಿನ ಪಕ್ಕದಲ್ಲಿ ಎ. ರಾಮ ನಾಯಕರು 1942ರಲ್ಲಿ ತೆರೆದ ಶ್ರೀಕೃಷ್ಣ ಬೋರ್ಡಿಂಗ್ ಯಾರಿಗೆ ಗೊತ್ತಿಲ್ಲ? ಆದರೆ ಊರಿಗೆಲ್ಲ ಗೊತ್ತಿರುವುದು ಬೇರೆ, ಲೆಕ್ಕ ಪ್ರಕಟವಾಗುವುದು ಬೇರೆ. ನಮ್ಮವರ ಹೋಟೆಲುಗಳು ಸಾಮಾನ್ಯವಾಗಿ ಒಬ್ಬರ ಸ್ವಂತದ್ದು, ಇಲ್ಲವೆ ಭಾವ-ಭಾವಮೈದುನರ ಪಾಲುದಾರಿಕೆ. ಕಂಪೆನಿಯಾದರೆ, ಅದು ಖಾಸಗಿಯೇ ಇರಲಿ, ವರ್ಷವರ್ಷವೂ ಲೆಕ್ಕಪತ್ರವನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಪಾಲುದಾರಿಕೆಗೆ 1932ರ ಕಾಯಿದೆ. ಅದರ ರಿಜಿಸ್ಟ್ರಿಯಲ್ಲಿ ಅಂಗಡಿಯ ಹೆಸರು, ಜಾಗ, ಪಾಲುದಾರರ ಹೆಸರು ಇರುತ್ತದೆಯೇ ಹೊರತು ಎಷ್ಟು ಮಾರಿದರು ಎಂಬುದು ಇರುವುದಿಲ್ಲ. 1976ರಿಂದ ಇದೇ ಮುಂಬಯಿಯಲ್ಲಿರುವ, ದೇಶದ ಕಂಪೆನಿಗಳ ಲೆಕ್ಕವನ್ನೆಲ್ಲ ಪೇರಿಸಿಡುವ ಸಿ.ಎಂ.ಐ.ಇ. ಸಂಸ್ಥೆಯ ಭಂಡಾರವೂ ಕಂಪೆನಿಗಳ ಭಂಡಾರವೇ.

ಸರಿ, ನಮ್ಮ ಯಜಮಾನರಾದ ಭಾರತ ಸರಕಾರದ ಪುಸ್ತಕಗಳಿವೆಯಲ್ಲ ಎಂದು ಎದೆಯುಬ್ಬಿಸಿ ಹೊರಟೆವು. ಉದ್ಯಮಗಳ ವಾರ್ಷಿಕ ಸಮೀಕ್ಷೆ ಎಂಬುದೊಂದಿದೆ, ಬಹಳ ಅಚ್ಚುಕಟ್ಟು. ಅದು ಕಾರ್ಖಾನೆಗಳದ್ದು. ಅದರ ಪೀಠಿಕೆಯಲ್ಲೇ ಹೋಟೆಲು, ಉಪಾಹಾರ ಗೃಹ, ಕೆಫೆಗಳನ್ನು ಹೊರಗಿಟ್ಟಿದ್ದೇವೆ ಎಂದು ಬರೆದಿದ್ದಾರೆ. ರಾಷ್ಟ್ರೀಯ ಉತ್ಪನ್ನದ ಪ್ರಕಟಣೆಯಲ್ಲಿ ಹೋಟೆಲಿಗೊಂದು ಜಾಗ ಇದೆ. ಆದರೆ ಅಲ್ಲಿ ವ್ಯಾಪಾರ, ಹೋಟೆಲು, ಸಾರಿಗೆ, ಸಂಪರ್ಕ, ಪ್ರಸಾರ ಎಲ್ಲವೂ ಒಂದೇ ಸಾಲು. ರೈಲು, ಲಾರಿ, ದೂರವಾಣಿ, ಟೀವಿಗಳ ಮಧ್ಯೆ ನಮ್ಮ ಸಾಂಬಾರು ಎಲ್ಲಿದೆಯೋ! ಕಂಪೆನಿಯಲ್ಲದ ಸಣ್ಣ ವ್ಯವಹಾರಗಳ ಸಮೀಕ್ಷೆಯನ್ನು 2021-22ರಿಂದ ವರ್ಷವರ್ಷವೂ ಮಾಡುತ್ತಿದ್ದಾರೆ. ಇದ್ದುದರಲ್ಲಿ ಅದೇ ಹತ್ತಿರದ್ದು. ಅಲ್ಲಿಯೂ ಉಡುಪಿ ಹೋಟೆಲಿಗೂ ವಡಾಪಾವಿನ ಗಾಡಿಗೂ ಬೇರೆ ಬೇರೆ ಪಂಕ್ತಿ ಇಲ್ಲ. ಸರಕಾರಕ್ಕೆ ಪಂಕ್ತಿಭೇದ ಇಲ್ಲ ಎಂದು ಸಮಾಧಾನ ಮಾಡಿಕೊಂಡೆವು.

ಕೊನೆಗೆ ಒಂದು ದೊಡ್ಡ ಅಂಕಿ ಸಿಕ್ಕಿತು. ರಾಷ್ಟ್ರೀಯ ರೆಸ್ಟೋರೆಂಟ್ ಸಂಘ 2024ರಲ್ಲಿ ಹೊರತಂದ ವರದಿಯ ಪ್ರಕಾರ 2023-24ರಲ್ಲಿ ಇಡೀ ದೇಶದ ಆಹಾರ ಸೇವೆಯ ವಹಿವಾಟು ಸುಮಾರು 5.69 ಲಕ್ಷ ಕೋಟಿ ರೂಪಾಯಿ. ಮಗಳು ಕುಣಿದಳು. ಕೂಡಲೇ ಜುಬಿಲೆಂಟಿನ ಐದು ಸಾವಿರ ಕೋಟಿ ಚಿಲ್ಲರೆಯನ್ನು ಅದರಿಂದ ಭಾಗಿಸಿದಳು. ನೂರರಲ್ಲಿ ಒಂದು ಪಾಲೂ ಬರಲಿಲ್ಲ! ಊರಿಗೆಲ್ಲ ಕಾಣುವ ದೊಡ್ಡ ಕಂಪೆನಿಯೇ ಇಷ್ಟಾದರೆ ಉಳಿದ ತೊಂಬತ್ತೊಂಬತ್ತು ಪಾಲನ್ನು ಮಾರುವವರು ಯಾರು? ಅದರಲ್ಲಿ ನಮ್ಮವರು ಎಷ್ಟು? ವರದಿ ಬರೆದವರಿಗೂ ಅದು ಅಂದಾಜೇ. ಮಗಳ ಕುಣಿತ ನಿಂತಿತು.

ಆಗ ಅವಳು ಕೇಳಿದ ಪ್ರಶ್ನೆಗಾಗಿಯೇ ಈ ಲೇಖನ ಬರೆಯಲು ಕೂತಿದ್ದೇವೆ.

“ಪಪ್ಪಾ, ನಿಮ್ಮ ಆಫೀಸಿನಲ್ಲಿ ಉಂಟಲ್ಲ?”

ಉಂಟು. ನಮ್ಮದು ತೆರಿಗೆಯ ಕಚೇರಿ. ಮೊದಲು ಎಕ್ಸೈಸು, ಸರ್ವಿಸ್ ಟ್ಯಾಕ್ಸು ಎನ್ನುತ್ತಿದ್ದರು. 2017ರ ಜುಲೈ 1ರಿಂದ ಜಿ.ಎಸ್.ಟಿ. ಎನ್ನುತ್ತಾರೆ. ಹೋಟೆಲಿನವರೂ ಇತರರಂತೆ ತಮ್ಮ ಮಾರಾಟವನ್ನು ನಮೂದಿಸಿ ರಿಟರ್ನು ಸಲ್ಲಿಸುತ್ತಾರೆ. ಅದು ನಮ್ಮ ಮೇಜಿನ ಕಂಪ್ಯೂಟರಿನಲ್ಲಿ ಕಾಣುತ್ತದೆ.

“ಹೆಸರು ಬೇಡ. ಬರೀ ಟೋಟಲ್. ಯಾರಿಗೆ ಗೊತ್ತಾಗ್ತದೆ?”

ಆ ಕಾಯಿದೆಯ 158ನೆಯ ಕಲಂ ಪ್ರಕಾರ ರಿಟರ್ನಿನಲ್ಲಿರುವ ಸಂಗತಿಯನ್ನು ಕಾಯಿದೆ ಹೇಳಿದ ಕೆಲಸಗಳಿಗಲ್ಲದೆ ಸರಕಾರಿ ನೌಕರ ಹೊರಗೆ ಬಿಟ್ಟುಕೊಡುವಂತಿಲ್ಲ ಎಂದು ಹೇಳಿದೆವು. ಅವಳು ಮುಖ ಊದಿಸಿಕೊಂಡಳು. ಒಳಗಿನಿಂದ ನಮ್ಮಾಕೆ, “ಲಂಚ ತೆಗೆದುಕೊಳ್ಳಿ ಅಂದದ್ದಲ್ಲವಲ್ಲ, ಮಗುವಿನ ಓದಿಗೆ ಒಂದು ಕೂಡುಲೆಕ್ಕ ಕೇಳಿದ್ದು” ಎಂದಳು. ಇಪ್ಪತ್ತು ವರ್ಷ ಮೇಲ್ಪಟ್ಟು ಸಂಸಾರ ಮಾಡಿದವರಿಗೆ ಗೊತ್ತು, ಒಳಗಿನಿಂದ ಬರುವ ಮಾತಿಗೆ ಕಲಂಗಳು ಉತ್ತರವಾಗುವುದಿಲ್ಲ.

ಮರುದಿನ ಕಚೇರಿಯಲ್ಲಿ ಸಂಜೆ ಎಲ್ಲರೂ ಎದ್ದ ಮೇಲೆ ನಾವು ಸ್ವಲ್ಪ ಹೊತ್ತು ಕೂತೆವು. ಹೋಟೆಲಿನ ಸೇವೆಗೆ 9963 ಎಂಬ ಸಂಕೇತ ಸಂಖ್ಯೆ ಇದೆ. ಅದರ ಮೊದಲ ಎರಡು ಅಂಕಿ ಒತ್ತಿಯೂ ಆಗಿತ್ತು. ಆಮೇಲೆ ಅಳಿಸಿದೆವು. ಇದನ್ನು ನಮ್ಮ ಪ್ರಾಮಾಣಿಕತೆಯ ಕತೆಯೆಂದು ಬರೆಯಬಹುದಿತ್ತು. ಆದರೆ ಯಾರು ಯಾವ ಹೊತ್ತಿಗೆ ಯಾರ ಲೆಕ್ಕ ತೆರೆದರು ಎಂಬುದು ನಮ್ಮ ಹೆಸರಿನ ಮುಂದೆ ದಾಖಲಾಗುತ್ತದೆ ಎಂಬ ಹೆದರಿಕೆಗೂ ಅದರಲ್ಲಿ ಅರ್ಧ ಪಾಲು ಸಲ್ಲಬೇಕು. ಗಾಡಿಯಲ್ಲಿ ಠಾಣೆ ದಾಟುವ ಹೊತ್ತಿಗೆ ಇನ್ನೊಂದು ಹೊಳೆಯಿತು. ಕದ್ದಿದ್ದರೂ ಆ ಲೆಕ್ಕ ತಪ್ಪೇ ಆಗುತ್ತಿತ್ತು. ಒಂದೂವರೆ ಕೋಟಿಗಿಂತ ಕಡಿಮೆ ವಹಿವಾಟಿನವರಲ್ಲಿ ನೂರಕ್ಕೆ ತೊಂಬತ್ತು ಮಂದಿಯ ಆಡಳಿತ ರಾಜ್ಯ ಸರಕಾರಕ್ಕೆ, ಹತ್ತು ಮಾತ್ರ ಕೇಂದ್ರಕ್ಕೆ ಎಂದು 2017ರಲ್ಲೇ ಹಂಚಿಕೆಯಾಗಿದೆ. ದೊಡ್ಡವರಲ್ಲಿ ಅರ್ಧರ್ಧ. ನಮ್ಮ ಕಣ್ಣಿಗೆ ಬೀಳುವುದು ಹೋಳು. ಅದಲ್ಲದೆ 2022ರ ಜನವರಿಯಿಂದ, ಮನೆಗೆ ತಂದುಕೊಡುವ ಸ್ವಿಗ್ಗಿ, ಜೊಮ್ಯಾಟೊದವರ ಮೂಲಕ ಮಾರಿದ ದೋಸೆಗೆ ತೆರಿಗೆ ಕಟ್ಟುವವರು ಅವರೇ. ತೆರಿಗೆಯ ದರವೂ ಮೊದಲು ಹನ್ನೆರಡು, ಹದಿನೆಂಟು ಎಂದಿದ್ದದ್ದು 2017ರ ನವೆಂಬರ್ 15ರಿಂದ ಐದಕ್ಕಿಳಿಯಿತು. ಹೀಗೆ ಅಳತೆಗೋಲೇ ಬದಲಾಗುತ್ತಿದ್ದರೆ ಹಿಂದಿನ ವರ್ಷಕ್ಕೂ ಮುಂದಿನ ವರ್ಷಕ್ಕೂ ಹೋಲಿಕೆ ಎಲ್ಲಿಯದು? ನಾವು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವರು. ಬ್ಯುರೆಟ್ಟಿನಲ್ಲಿ ಕಾಣದ ಅಂಕಿಯನ್ನು ಪುಸ್ತಕದಲ್ಲಿ ಬರೆಯಬಾರದೆಂದು ಕಲಿಸಿದ್ದರು. ಹಾಗೆ ಬರೆದು ಒಮ್ಮೆ ಸಿಕ್ಕಿಬಿದ್ದದ್ದೂ ಉಂಟು, ಅದಿಲ್ಲಿ ಬೇಡ.

ಮನೆಗೆ ಬಂದವರು ಮಗಳಿಗೆ ಹೇಳಿದೆವು: “ಸಮುದ್ರದ ನೀರು ಅಳೆಯಲಿಕ್ಕೆ ನಮ್ಮಿಂದಾಗುವುದಿಲ್ಲ. ಒಂದು ಬಾವಿಯನ್ನು ಸರಿಯಾಗಿ ಅಳೆಯೋಣ.”

ಬಾವಿ ಎಂದರೆ ನಮ್ಮೂರಿನ ಕಡೆಯವರೇ ಆದ ಒಬ್ಬ ಹೋಟೆಲಿನವರು. ಇಲ್ಲಿ ರಾಯರು ಎನ್ನೋಣ. ಮಧ್ಯ ರೈಲ್ವೆಯ ಒಂದು ಉಪನಗರದಲ್ಲಿ ಸ್ಟೇಷನ್ನಿನಿಂದ ಕೂಗಳತೆಯಲ್ಲಿ ಹದಿನಾಲ್ಕು ಮೇಜಿನ ಹೋಟೆಲು. ಅವರ ತೆರಿಗೆಯ ವ್ಯವಹಾರ ರಾಜ್ಯದ ಕಚೇರಿಯಲ್ಲಿ, ನಮ್ಮಲ್ಲಿ ಅಲ್ಲ. ಇಲ್ಲದಿದ್ದರೆ ನಾವು ಕಾಲಿಡುತ್ತಿರಲಿಲ್ಲ. ಮಗಳು ಹೆದರುತ್ತಲೇ ವಿಷಯ ಹೇಳಿದಳು. ಹೋಟೆಲಿನವರ ಬಳಿ ವ್ಯಾಪಾರ ಎಷ್ಟು ಎಂದು ಕೇಳುವುದೆಂದರೆ ಹೆಂಗಸರ ವಯಸ್ಸು ಕೇಳಿದಂತೆ. ರಾಯರು ನಮ್ಮ ಮುಖ ನೋಡಿದರು.

“ಇವರು ಕಳಿಸಿದ್ದಲ್ಲವಲ್ಲ ಮಗಾ?” ಎಂದು ನಕ್ಕರು. ಆಮೇಲೆ, “ರೂಪಾಯಿ ಬರೀಬೇಡ. ಹೆಸರು ಬರೀಬೇಡ. ಮತ್ತೆ ಏನು ಬೇಕೋ ನೋಡಿಕೋ” ಎಂದು ಗಲ್ಲಾದ ಕೆಳಗಿನ ಕಪಾಟು ತೆರೆದರು.

ಕೆಂಪು ರಟ್ಟಿನ ಉದ್ದ ಪುಸ್ತಕಗಳು. ಕಂಪ್ಯೂಟರಿನ ಬಿಲ್ಲು ಬಂದ ಮೇಲೂ ರಾಯರು ರಾತ್ರಿ ಬಾಗಿಲು ಹಾಕುವ ಮೊದಲು ಕೈಯಲ್ಲಿ ಬರೆಯುತ್ತಾರೆ: ಗಲ್ಲಾ ಇಷ್ಟು, ಹಾಲು ಇಷ್ಟು, ಉದ್ದಿನಬೇಳೆ, ಅಕ್ಕಿ, ಕಾಫಿಪುಡಿ, ಗ್ಯಾಸು ಇಷ್ಟು, ಯಾರಿಗೆ ಎಷ್ಟು ಮುಂಗಡ. ಎಲ್ಲ ಕನ್ನಡದಲ್ಲಿ. ಕನ್ನಡ ಅಂಕಿಗಳನ್ನು ಮಗಳಿಗೆ ಓದಲು ಬರುವುದಿಲ್ಲ. ೬ ಯಾವುದು ೯ ಯಾವುದು ಎಂದು ನಾವು ಪಕ್ಕದಲ್ಲಿ ಕೂತು ಹೇಳಬೇಕಾಯಿತು. ನಾಲ್ಕು ಶನಿವಾರ ಹೋದೆವು. ನಾವು ಓದುವುದು, ಅವಳು ತಿಂಗಳವಾರು ಕೂಡುವುದು. ರೂಪಾಯಿ ಬರೆಯಬಾರದೆಂದ ಕಾರಣ 2019-20ರ ಮಾರಾಟವನ್ನು ನೂರು ಎಂದಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೋಲಿಸಿ ಬರೆದಳು.

ಮೂರನೆಯ ಶನಿವಾರ 2020ರ ಪುಸ್ತಕ ಬಂತು. ಮಾರ್ಚ್ 21ರ ಗಲ್ಲಾ ಬರೆದಿದೆ. 22ರಿಂದ ಆ ಕಲಂ ಖಾಲಿ. ಆದರೆ ಪುಟ ಖಾಲಿಯಲ್ಲ. ಗಲ್ಲಾದ ಕಡೆ ಗೆರೆ, ಖರ್ಚಿನ ಕಡೆ ದಿನವೂ ಅಕ್ಕಿ, ಬೇಳೆ, ತರಕಾರಿ. ಹನ್ನೊಂದು ಹುಡುಗರು ಹೋಟೆಲಿನಲ್ಲೇ ಉಳಿದಿದ್ದರು. ಊರಿಗೆ ಹೋಗೋಣವೆಂದರೆ ಗಾಡಿ ಇಲ್ಲ. ಮೇ ತಿಂಗಳಲ್ಲಿ ದಾರಿ ತೆರೆಯಿತು ಎನ್ನುವಷ್ಟರಲ್ಲಿ ಮಹಾರಾಷ್ಟ್ರದಿಂದ ಬರುವವರನ್ನು ಕರ್ನಾಟಕ ಸರಕಾರ ಕೆಲವು ದಿನ ತಡೆದದ್ದು ನಮ್ಮ ಓದುಗರಿಗೆ ಮರೆತಿರಲಾರದು. ಜೂನ್ ತಿಂಗಳ ಒಂದು ಪುಟದಲ್ಲಿ ಹನ್ನೊಂದು ಹೆಸರು, ಪ್ರತಿಯೊಂದರ ಮುಂದೆ ಒಂದು ಮೊತ್ತ, ಕೆಳಗೆ ‘ಊರಿಗೆ’ ಎಂದು ಒಂದೇ ಮಾತು. ಅಕ್ಟೋಬರ್ 5ಕ್ಕೆ ಕೂತು ತಿನ್ನಲು ಸರಕಾರ ಅನುಮತಿ ಕೊಟ್ಟಾಗ ಮತ್ತೆ ಗಲ್ಲಾ ಶುರು. ಮುಂಗಡದ ಕಲಮಿನಲ್ಲಿ ಹಳೆಯ ಹೆಸರುಗಳು ನಾಲ್ಕೇ. ಉಳಿದವರು ಏನಾದರು ಎಂದು ಮಗಳು ಕೇಳಿದಳು. ಒಬ್ಬ ಊರಲ್ಲೇ ಕ್ಯಾಂಟೀನು ಹಾಕಿದ್ದಾನೆ, ಇಬ್ಬರು ಬೆಂಗಳೂರು ಎಂದು ಬೆರಳು ಮಡಿಸುತ್ತ ಬಂದ ರಾಯರು ಐದನೆಯ ಬೆರಳಿಗೆ ನಿಂತು, ಮಾಣಿಯನ್ನು ಕರೆದು ನಮಗೆ ಕಾಫಿ ತರಲು ಹೇಳಿದರು.

ಮಗಳು ಲೆಕ್ಕ ಮುಗಿಸಿ ತೋರಿಸಿದಾಗ ಬೆಳವಣಿಗೆ ವರ್ಷಕ್ಕೆ ನೂರಕ್ಕೆ 34 ಎಂದು ಬಂದಿತ್ತು. ಪಿಜ್ಜಾದವರೂ ಕಾಣದ ಬೆಳವಣಿಗೆ! ನೋಡಿದರೆ ಅಧ್ಯಾಪಕರು ಕೇಳಿದ ಐದು ವರ್ಷಕ್ಕೆ ಸರಿಯಾಗಿ 2020-21ರಿಂದ 2024-25ರ ತನಕ ತೆಗೆದುಕೊಂಡಿದ್ದಾಳೆ. ಮೊದಲಿನ ವರ್ಷ 40, ಕೊನೆಯದು 130. ಬಾವಿಗೆ ಬಿದ್ದವನು ಮೇಲೆ ಹತ್ತಿ ಬಂದದ್ದನ್ನು ಬೆಟ್ಟ ಹತ್ತಿದ ಎಂದ ಹಾಗಾಯಿತು. ಒಂದು ವರ್ಷ ಹಿಂದೆ ಹೋಗಿ ನೂರರಿಂದ ಹಿಡಿ ಎಂದೆವು. ಹಿಡಿದಳು. ವರ್ಷಕ್ಕೆ ನೂರಕ್ಕೆ ಐದು ಚಿಲ್ಲರೆ.

“ಆದರೂ ಬೆಳೆದಿದೆಯಲ್ಲ” ಎಂದಳು.

ಗೋಡೆಯ ಮೇಲೆ ದರಪಟ್ಟಿ ಇತ್ತು. ಮಸಾಲೆದೋಸೆ 100. ಮೊದಲು ಎಷ್ಟಿತ್ತು ಮಾಮ ಎಂದು ಕೇಳಿದಳು. 2019ರಲ್ಲಿ ಎಪ್ಪತ್ತು ಎಂದರು ರಾಯರು. ಅವಳು ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತು ಒಂದು ಭಾಗಾಕಾರ ಮಾಡಿದಳು. ರೂಪಾಯಿಯಲ್ಲಿ ನೂರು ಇದ್ದದ್ದು ನೂರ ಮೂವತ್ತಾಯಿತು, ನಿಜ. ಆದರೆ ದರ ಎಪ್ಪತ್ತರಿಂದ ನೂರಕ್ಕೆ ಏರಿದೆ. ದರದ ಏರಿಕೆ ತೆಗೆದರೆ ಉಳಿಯುವುದು ತೊಂಬತ್ತೊಂದು. ಅಂದರೆ ಗಲ್ಲಾ ತುಂಬಿದೆ, ಬಸಿ ಕಡಿಮೆಯಾಗಿದೆ. ನಾವು ಬಿ.ಎಸ್ಸಿ.ಯವರು ಸುಮ್ಮನಿರದೆ, ಎಲ್ಲ ತಿಂಡಿಯ ದರ ದೋಸೆಯಂತೆಯೇ ಏರಿರಬೇಕೆಂದಿಲ್ಲ, ಇದು ಒರಟು ಲೆಕ್ಕ ಎಂದೆವು. ಅವಳು ಪುಸ್ತಕಗಳನ್ನು ಮತ್ತೆ ಎಳೆದುಕೊಂಡು ಉದ್ದಿನಬೇಳೆಯ ಕಲಂ ಕೂಡಿದಳು. ಬೇಳೆಗೆ ದರದ ಹಂಗಿಲ್ಲ, ಕಿಲೋ ಎಂದರೆ ಕಿಲೋ. ಎರಡು ಗಂಟೆ ಹಿಡಿಯಿತು. 2019-20ಕ್ಕೆ ನೂರು ಕಿಲೋ ಅರೆದಿದ್ದರೆ 2024-25ಕ್ಕೆ ಹತ್ತಿರ ಹತ್ತಿರ ತೊಂಬತ್ತು.

ರಾಯರು ಕನ್ನಡಕ ಏರಿಸಿ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು.

“ಕಲ್ಲಿನ ಹತ್ರ ನಿಂತವನಿಗೆ ಗೊತ್ತಾಗ್ತದೆ ಮಾರಾಯ್ರೆ. ಗಲ್ಲಾದ ಹತ್ರ ಕೂತವನಿಗೆ ಗೊತ್ತಾಗೂದಿಲ್ಲ” ಎಂದರು. ಅವರ ಮಗ ಪುಣೆಯಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಕಟ್ಟಡ ಒಡೆದು ಹೊಸದು ಕಟ್ಟುವ ಮಾತು ನಡೆದಿದೆ. ಆಗ ಜಾಗ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಒಂದು ವರ್ಷದಿಂದ ತೂಗುತ್ತಿದ್ದಾರಂತೆ. ಅದನ್ನು ಆ ದಿನವೇ ಮೊದಲ ಬಾರಿಗೆ ನಮ್ಮ ಬಳಿ ಹೇಳಿದರು.

ಪ್ರಬಂಧಕ್ಕೆ ಇಪ್ಪತ್ತಕ್ಕೆ ಹದಿನಾಲ್ಕು ಅಂಕ ಬಂತು. ದೋಸೆ-ಬೇಳೆಯ ಕೋಷ್ಟಕದ ಪಕ್ಕ ಅಧ್ಯಾಪಕರು ಚೆನ್ನಾಗಿದೆ ಎಂದು ಬರೆದಿದ್ದರು. ಅದರ ಕೆಳಗೇ, ಆಧಾರ ಪರಿಶೀಲಿಸಲು ಬರುವಂಥದಲ್ಲ ಎಂದು ಬರೆದು ಅಂಕ ಕಡಿದಿದ್ದರು. ಮಗಳಿಗೆ ಸಿಟ್ಟು. ಅಧ್ಯಾಪಕರು ಹೇಳಿದ್ದು ಸರಿ ಎಂದು ನಮಗನಿಸಿತು, ಹೇಳಲಿಲ್ಲ. ಉದ್ಯಮದಲ್ಲಿ ಪಾಲೆಷ್ಟು ಎಂಬ ಕೋಷ್ಟಕದಲ್ಲಿ ಅವಳು ಅಂಕಿ ಹಾಕದೆ, ಇದು ಯಾಕೆ ಸಿಗುವುದಿಲ್ಲ ಎಂದು ಎರಡು ಪುಟ ಬರೆದಿದ್ದಳು. ಅದಕ್ಕೆ ಅಂಕ ಕಡಿದಿರಲಿಲ್ಲ. ಅಪ್ಪಯ್ಯನಿಗೆ ಇದನ್ನೆಲ್ಲ ಕನ್ನಡದಲ್ಲಿ ಓದಿ ಹೇಳಿದಳು. ಅವರು ಪೂರ್ತಿ ಕೇಳಿ, “ಹನ್ನೊಂದು ಜನಕ್ಕೆ ಎರಡು ತಿಂಗಳು ಊಟ ಹಾಕಿದ್ದನ್ನು ಯಾವ ಕಲಮಿನಲ್ಲಿ ಬರೆದೆ?” ಎಂದರು. ಅವಳು ಅದನ್ನು ಬರೆದಿರಲಿಲ್ಲ. ಕೇಳಿದ್ದು ಮಾರಾಟ ಮಾತ್ರ.

ದಸರೆಯ ಮುಂಚಿನ ಶನಿವಾರ ರಾಯರಿಗೆ ಒಂದು ಪ್ರತಿ ಕೊಡಲು ಹೋದೆವು, ಈ ಸಲ ಅಪ್ಪಯ್ಯನನ್ನೂ ಕರೆದುಕೊಂಡು. ಅಪ್ಪಯ್ಯ ಮೇಜಿಗೆ ಕೂರುವ ಮೊದಲು ಒಳಗಿನ ತೊಟ್ಟಿಯ ಕಡೆ ಹೋಗಿ ಕಪ್ಪು ತೊಳೆಯುವವನನ್ನು ನೋಡಿ ಬಂದರು. ನಾಲ್ಕು ಮಸಾಲೆದೋಸೆ, ನಾಲ್ಕು ಕಾಫಿ. ರಾಯರು ಬಿಲ್ಲು ಬೇಡವೆಂದರು. ಸಾಂದರ್ಭಿಕ ಊಟವನ್ನು ಉಡುಗೊರೆಯೆಂದು ಎಣಿಸಬೇಕಿಲ್ಲ ಎಂದು 1964ರ ನಡತೆ ನಿಯಮಗಳಲ್ಲಿ ನಮಗೊಂದು ದಾರಿ ಇದ್ದೇ ಇತ್ತು. ಆದರೆ ನಾವು ಬಾಯಿ ತೆರೆಯುವ ಮೊದಲೇ ಮಗಳು ಹಣ ತೆಗೆದು ಗಲ್ಲಾದ ಮೇಲಿಟ್ಟಳು.

“ಬರೀರಿ ಮಾಮ, ಇಲ್ಲದಿದ್ರೆ ಬೇಳೆಗೂ ಗಲ್ಲಾಕ್ಕೂ ತಾಳೆಯಾಗೂದಿಲ್ಲ” ಎಂದಳು.

ರಾಯರು ಹಣ ಎಣಿಸಿ ಪೆಟ್ಟಿಗೆಗೆ ಹಾಕಿ, ಚಿಲ್ಲರೆ ವಾಪಸು ಕೊಟ್ಟರು.